ನೀಲಿಯೋ? ಕಾವಿಯೋ? ನಮ್ಮನೆ ಗೋಡೆ ಮೇಲೊಂದು ಫೈಟಿಂಗ್!

ಸಿನಿಪ್ರಿಯ ಗೆಳೆಯರೇ, ಈ ವಾರ ನನ್ನ ಪುಟದಲ್ಲಿ ಸ್ಟಾರ್ ಇಲ್ಲ. ಮುಹೂರ್ತವಿಲ್ಲ, ಕ್ಲಾಪ್ ಇಲ್ಲ, ಹೊರಾಂಗಣವಿಲ್ಲ, ನಾಯಕಿಯ ಮುನಿಸೂ ಇಲ್ಲ. ಇರೋದು ಹತ್ತಡಿ ಅಗಲ, ಹನ್ನೊಂದಡಿ ಉದ್ದದ ಒಂದು ರೂಮು. ಅದಕ್ಕೆ ಪಶ್ಚಿಮದ ಕಡೆ ಒಂದೇ ಒಂದು ಕಿಟಕಿ. ಕಿಟಕಿಯ ಎದುರು ಗೋಡೆ ಮೇಲೆ ಎರಡೆರಡು ಅಡಿ ಚೌಕದ ಎರಡು ಪಟ್ಟೆ. ಒಂದು ನೀಲಿ, ಇನ್ನೊಂದು ಕಾವಿ. ಈ ಎರಡು ಬಣ್ಣಗಳ ನಡುವೆ ನಮ್ಮನೆಯಲ್ಲಿ ಒಂದು ತಿಂಗಳು ನಡೆದ ಕದನವೇ ಈ ವಾರದ ಕಥೆ.

‘ಇದೇನಯ್ಯಾ, ಸಿನಿಮಾ ಪತ್ರಿಕೆಯಲ್ಲಿ ಸುಣ್ಣಬಣ್ಣದ ಕಥೆ!’ ಅಂತ ಪುಟ ಮಗುಚಬೇಡಿ. ಬಸ್ಸು ಹೊರಡೋಕೆ ಇನ್ನೂ ಟೈಮಿದೆ. ಓದಿ.

ಮೊದಲು ಪಾತ್ರ ಪರಿಚಯ. ನಮ್ಮಪ್ಪ ಒಂದು ಕಾಲದಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಕಟೌಟ್ ಬರೀತಿದ್ದವರು. ಥಿಯೇಟರ್ ಮುಂದೆ ನಲವತ್ತಡಿ ಎತ್ತರಕ್ಕೆ ನಿಂತು ಹಾರ ಹಾಕಿಸಿಕೊಳ್ಳುತ್ತಿದ್ದ ಅಣ್ಣಾವ್ರು, ಸಿಂಹ, ಶಂಕರಣ್ಣ... ಆ ಮುಖಗಳಿಗೆ ಬಣ್ಣ ಕೊಟ್ಟ ಹತ್ತಾರು ಕೈಗಳಲ್ಲಿ ಇವರದ್ದೂ ಒಂದು. ಹಾಲಿನ ಅಭಿಷೇಕ ಮಾಡಿದವರಿಗೆ ಹೀರೋ ಹೆಸರು ಗೊತ್ತಿತ್ತು, ಬರೆದವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಒಂದು ವಾರ ಕೂತು ಬರೆಯೋದನ್ನ ಮೆಷಿನ್ನು ಅರ್ಧ ಗಂಟೆಯಲ್ಲಿ ಉಗುಳಿತು. ಅಪ್ಪ ಬ್ರಷ್ ಬಿಡಲಿಲ್ಲ. ಮುಖ ಬರೆಯೋದು ಬಿಟ್ಟು ಮನೆ ಗೋಡೆ ಬಳಿಯೋಕೆ ಶುರು ಮಾಡಿದರು. ನಾನು ಸೆಕೆಂಡ್ ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಎರಡು ವರ್ಷ ಅವರ ಜೊತೆ ಏಣಿ ಹಿಡಿದೆ. ಆಮೇಲೆ ಪೆನ್ನು ಹಿಡಿದೆ. ಎರಡರಲ್ಲಿ ಯಾವುದರಲ್ಲಿ ಜಾಸ್ತಿ ದುಡ್ಡು ಅಂತ ಕೇಳಬೇಡಿ, ಸಂಪಾದಕರು ಬೇಜಾರು ಮಾಡ್ಕೋತಾರೆ!

ಈಗ ಅಕ್ಕ ಹೆರಿಗೆಗೆ ಬರ್ತಾಳೆ. ಬಾಣಂತನಕ್ಕೆ ಈ ರೂಮು ರೆಡಿಯಾಗಬೇಕು. ಹತ್ತು ವರ್ಷದಿಂದ ಊರವರ ಮನೆಗೆಲ್ಲ ಬಣ್ಣ ಬಳಿದ ಅಪ್ಪನ ಸ್ವಂತ ಮನೆ ಗೋಡೆ ಚಕ್ಕೆ ಎದ್ದು ನಿಂತಿತ್ತು. ನಾನು ಕಾವಿ ಅಂದೆ. ಅಪ್ಪ ನೀಲಿ ಅಂದರು. ಅಮ್ಮ, “ಯಾವುದಾದ್ರೂ ಬಳೀರಿ, ಅವಳು ಬರೋ ಹೊತ್ತಿಗೆ ಪೇಂಟಿನ ವಾಸನೆ ಹೋಗಿರಬೇಕು ಅಷ್ಟೆ” ಅಂದು ಒಳಗೆ ಹೋದಳು.

ನನ್ನ ವಕೀಲಿಕೆ: ಕೆಂಪು ಕೋಣೆಯ ಮಹಿಮೆ

ಕಾವಿ ನನಗೆ ಸುಮ್ಮನೆ ಹೊಳೆದದ್ದಲ್ಲ. ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ 1972ರಲ್ಲಿ ತೆಗೆದ ‘ಕ್ರೈಸ್ ಅಂಡ್ ವಿಸ್ಪರ್ಸ್’ ಚಿತ್ರ ನೋಡಿದ್ದೀರಾ? ಒಂದು ದೊಡ್ಡ ಹಳೆಯ ಮನೆ, ರೋಗದಿಂದ ಸಾಯುತ್ತಿರುವ ಒಬ್ಬ ಹೆಂಗಸು, ಅವಳ ಅಕ್ಕತಂಗಿಯರು. ಗೋಡೆ ಕೆಂಪು, ನೆಲಹಾಸು ಕೆಂಪು, ಪರದೆ ಕೆಂಪು. ದೃಶ್ಯ ಮುಗಿದಾಗ ಪರದೆ ಕಪ್ಪಾಗುವ ಬದಲು ಕೆಂಪಾಗುತ್ತದೆ! ಚಿಕ್ಕಂದಿನಲ್ಲಿ ಆತ್ಮದ ಒಳಗೆ ಹೇಗಿರುತ್ತೆ ಅಂತ ಯೋಚಿಸಿದಾಗ ಬರ್ಗ್‌ಮನ್‌ಗೆ ಕಂಡಿದ್ದು ಕೆಂಪು ಪೊರೆಯಂತೆ. ಕ್ಯಾಮೆರಾಮನ್ ಸ್ವೆನ್ ನಿಕ್ವಿಸ್ಟ್ ಇದಕ್ಕೆ ಆಸ್ಕರ್ ಹೊಡೆದರು. ನಾನಿದನ್ನ ಅಪ್ಪನಿಗೆ ವಿವರಿಸಿದೆ.

“ಸಾಯೋರ ಮನೆ ಬಣ್ಣ ತಂದು ಬಾಣಂತಿ ರೂಮಿಗೆ ಬಳೀತೀಯೇನೋ?” ಅಂದರು ಅಪ್ಪ.

ಮೊದಲ ರೌಂಡ್‌ನಲ್ಲೇ ನಾನು ಔಟ್. ಆದರೂ ಬಿಡಲಿಲ್ಲ. ಇಟಲಿಯ ಆಂಟೋನಿಯೋನಿ ತನ್ನ ಮೊದಲ ವರ್ಣಚಿತ್ರ ‘ರೆಡ್ ಡೆಸರ್ಟ್’ನಲ್ಲಿ (1964) ನಾಯಕಿಯ ಮನಸ್ಸಿಗೆ ತಕ್ಕ ಹಾಗೆ ಗೋಡೆ ಬಣ್ಣವನ್ನೇ ಬದಲಾಯಿಸಿದ. ಹೋಟೆಲ್ ರೂಮಿನ ಒಂದು ದೃಶ್ಯದಲ್ಲಿ ಮೊದಲು ಗೋಡೆ ಬಿಳಿಚಿಕೊಂಡಿದೆ, ಕೊನೆಗೆ ಇಡೀ ರೂಮು ಗುಲಾಬಿ! ಮಾತಿಲ್ಲ, ಕಥೆಯಿಲ್ಲ, ಬರೀ ಬಣ್ಣ. ಕೆಂಪು, ಕಾವಿ, ಕಿತ್ತಳೆ ಮುಂತಾದವು ಗೋಡೆಯನ್ನ ನಮ್ಮ ಹತ್ತಿರಕ್ಕೆ ತಂದ ಹಾಗೆ ಕಾಣುತ್ತವೆ. ನೀಲಿ, ತಿಳಿಹಸಿರು ಗೋಡೆಯನ್ನ ಹಿಂದಕ್ಕೆ ತಳ್ಳುತ್ತವೆ. ಚಿಕ್ಕ ರೂಮು ದೊಡ್ಡದಾಗಿ ಕಾಣಲಿ ಅಂದ್ರೆ ನೀಲಿ. ಬೆಚ್ಚಗೆ, ತಬ್ಬಿಕೊಂಡ ಹಾಗೆ ಇರಲಿ ಅಂದ್ರೆ ಕಾವಿ. ಬಾಣಂತಿಗೆ ಬೇಕಾದ್ದು ಬಿಸಿ ತಾನೆ? ನನ್ನ ಲಾ ಪಾಯಿಂಟ್ ಇಷ್ಟು.

ಅಪ್ಪನ ಉತ್ತರ ಸಿನಿಮಾದಿಂದ ಬರಲಿಲ್ಲ, ಕಟೌಟಿನಿಂದ ಬಂತು.

“ಮಗಾ, ಮುಖ ಎದ್ದು ಬರಬೇಕು ಅಂದ್ರೆ ಹಿಂದೆ ನೀಲಿ ಕೊಡಬೇಕು. ನಾವು ಕೆನ್ನೆ ಮೇಲೆ ಬೆಳಕು ಬಿದ್ದ ಕಡೆ ಹಳದಿ, ಕಿತ್ತಳೆ ಇಡ್ತಿದ್ವಿ. ನೆರಳಿಗೆ ನೀಲಿ ಎಳೀತಿದ್ವಿ. ಹತ್ತಿರದಿಂದ ನೋಡಿದ್ರೆ ಹೋಳಿ ಹುಣ್ಣಿಮೆ! ರಸ್ತೆ ಆ ಕಡೆಯಿಂದ ನೋಡಿದ್ರೆ ಅಣ್ಣಾವ್ರು ನಿನ್ನನ್ನೇ ನೋಡ್ತಿದ್ರು.”

ಓದುಗರೇ, ನಾನು ತಣ್ಣಗಾದೆ. ಯಾಕೆ ಗೊತ್ತೇ? ಇವತ್ತು ಡಿಜಿಟಲ್ ಗ್ರೇಡಿಂಗ್ ಅಂತ ಏಸಿ ರೂಮಿನಲ್ಲಿ ಕೂತು ಮಾಡುವ ಕೆಲಸದಲ್ಲಿ ತುಂಬಾ ಚಾಲ್ತಿಯಲ್ಲಿರೋದು ಇದೇ ಜೋಡಿ. ಮನುಷ್ಯನ ಮೈಬಣ್ಣ ಕಪ್ಪಿರಲಿ, ಬಿಳುಪಿರಲಿ, ಬಣ್ಣದ ಚಕ್ರದಲ್ಲಿ ಕಿತ್ತಳೆಯ ಕಡೆಗೇ ಬೀಳುತ್ತೆ. ಅದರ ನೇರ ಎದುರಾಳಿ ನೀಲಿ. ಹಿನ್ನೆಲೆಯನ್ನ ನೀಲಿಗೆ ತಿರುಗಿಸಿದರೆ ಹೀರೋ ಮುಖ ತಾನಾಗೇ ಮುಂದೆ ಬರುತ್ತೆ. ಹಾಲಿವುಡ್ ಪೋಸ್ಟರ್ ಹತ್ತು ತೆಗೆದುಕೊಳ್ಳಿ, ಅರ್ಧಕ್ಕರ್ಧ ನೀಲಿ-ಕಿತ್ತಳೆ! ಇಡೀ ಚಿತ್ರವನ್ನ ಕಂಪ್ಯೂಟರಿನಲ್ಲಿ ಹೀಗೆ ಬಣ್ಣ ತಿದ್ದಿದ ಮೊದಲಿಗರಲ್ಲಿ ‘ಓ ಬ್ರದರ್, ವೇರ್ ಆರ್ಟ್ ದೌ?’ (2000) ಮುಖ್ಯ. ಮಿಸಿಸಿಪ್ಪಿಯ ಹಚ್ಚ ಹಸುರನ್ನ ಕ್ಯಾಮೆರಾಮನ್ ರಾಜರ್ ಡೀಕಿನ್ಸ್ ಒಣಹುಲ್ಲಿನ ಹಳದಿ ಮಾಡಿಬಿಟ್ಟರು. ನಮ್ಮ ‘ಕೆ.ಜಿ.ಎಫ್’ (2018) ನೆನಪು ಮಾಡ್ಕೊಳ್ಳಿ. ಭುವನ್ ಗೌಡರ ಆ ಧೂಳುಗಂದು, ಆ ಕಪ್ಪು! ಬಣ್ಣವೇ ಅಲ್ಲಿ ಅರ್ಧ ಕಥೆ ಹೇಳಿತು.

ಟ್ರಿಕ್ ಫೋಟೋಗ್ರಫಿಗೆ ನೀಲಿ ಪರದೆ ಕಟ್ಟಿದ್ದೂ ಇದೇ ಕಾರಣಕ್ಕೆ. 1940ರ ‘ಥೀಫ್ ಆಫ್ ಬಾಗ್ದಾದ್’ ಕಾಲದಿಂದ ಆ ಆಟ ನಡೆದಿದೆ. ಮೈಬಣ್ಣದಲ್ಲಿ ತೀರಾ ಕಡಿಮೆ ಇರುವ ಬಣ್ಣ ಹಿಂದೆ ಇದ್ದರೆ ಮನುಷ್ಯನನ್ನ ಕತ್ತರಿಸಿ ಬೇರೆ ಕಡೆ ಅಂಟಿಸೋದು ಸುಲಭ. ನೀಲಿ ಅಂಗಿ ಹಾಕಿ ಹೋದರೆ ಮಾತ್ರ ಹೊಟ್ಟೆ ಮಾಯ!

ಹಾಗಾದ್ರೆ ಗೋಡೆ ಮೇಲೇ ತೀರ್ಮಾನ ಆಗಲಿ ಅಂತ ಇಬ್ಬರೂ ಒಪ್ಪಿದೆವು. ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಅಪ್ಪ ಹೇಳಿದ ನೀಲಿ, ನಾನು ಹೇಳಿದ ಕಾವಿ, ಎರಡೂ ಪಟ್ಟೆ ಎರಡೆರಡು ಕೋಟ್ ಬಳಿದೆ.

ಗೋಡೆ ಒಂದೇ, ಡಬಲ್ ಆ್ಯಕ್ಟಿಂಗ್!

ಗೆಳೆಯರೇ, ಶೇಡ್ ಕಾರ್ಡ್ ನಂಬಿ ಮೋಸ ಹೋಗಬೇಡಿ. ಎರಡಿಂಚು ಕಾಗದದ ಮೇಲೆ ಸಾಧುವಾಗಿ ಕೂತ ಬಣ್ಣ ನಾಲ್ಕು ಗೋಡೆಗೆ ಏರಿದ ಮೇಲೆ ವಿಲನ್ ಆಗುತ್ತೆ. ಒಂದು ಗೋಡೆಯ ಬೆಳಕು ಇನ್ನೊಂದಕ್ಕೆ ಬಡಿದು, ಅದು ಮತ್ತೆ ಇದಕ್ಕೆ ಬಡಿದು ಬಣ್ಣ ಇನ್ನೂ ಗಾಢವಾಗುತ್ತೆ. ಅದಕ್ಕೇ ಮೇಸ್ತ್ರಿಗಳು ಕಾರ್ಡಿನಲ್ಲಿ ಇಷ್ಟವಾದ ಬಣ್ಣಕ್ಕಿಂತ ಒಂದು ಮನೆ ತಿಳಿಯಾದ್ದನ್ನ ತಗೋ ಅನ್ನೋದು. ಪಟ್ಟೆ ಬಳಿದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ನೋಡಬೇಕು.

ನಾನು ನೋಡಿದೆ. ಮಧ್ಯಾಹ್ನ ಎರಡಕ್ಕೆ ನೀಲಿ ರಾಜನ ಹಾಗಿತ್ತು, ಕಾವಿ ಇಟ್ಟಿಗೆಯ ಹಾಗಿತ್ತು. ಐದೂವರೆಗೆ ಪಶ್ಚಿಮದ ಬಿಸಿಲು ನೇರ ಬಂದು ಬಿದ್ದಾಗ ಕಾವಿ ಬೆಂಕಿ! ನೀಲಿ ಮಂಕು. ಸೂರ್ಯ ಮುಳುಗಿ, ಲೈಟು ಹಾಕುವ ಮೊದಲಿನ ಹತ್ತು ನಿಮಿಷ ಇದೆಯಲ್ಲ, ಆಗ ಪೂರಾ ಉಲ್ಟಾ. ಕಾವಿ ಕಪ್ಪಾಯಿತು, ನೀಲಿ ಒಳಗಿಂದ ದೀಪ ಹಚ್ಚಿದ ಹಾಗೆ ಎದ್ದಿತು. ಕಣ್ಣಿಗೆ ಬೆಳಕು ಕಮ್ಮಿಯಾದಾಗ ಕೆಂಪು ಮೊದಲು ಸಾಯುತ್ತೆ, ನೀಲಿ ಕೊನೆತನಕ ಉಳಿಯುತ್ತೆ. ಬೊಹೀಮಿಯಾದ ಪುರ್ಕಿನ್ಯೆ ಎಂಬ ವಿಜ್ಞಾನಿ ಇದನ್ನ 1819ರಲ್ಲೇ ಗುರುತಿಸಿದ್ದ. ಸಿನಿಮಾದಲ್ಲಿ ರಾತ್ರಿ ಅಂದ್ರೆ ನೀಲಿ ಲೈಟು ಹಾಕೋದು ನಮ್ಮ ಕಣ್ಣಿಗೆ ಸಹಜ ಅನ್ನಿಸೋದೂ ಇದರಿಂದಲೇ ಇರಬೇಕು. ಕೊನೆಗೆ ಹಳದಿ ಬಲ್ಬು ಹಾಕಿದೆ, ಕಾವಿ ಗೆದ್ದಿತು. ಬಿಳಿ ಎಲ್.ಇ.ಡಿ. ಹಾಕಿದೆ, ನೀಲಿ ಗೆದ್ದಿತು. ಸ್ಕೋರ್ ಸಮ ಸಮ.

ಬ್ಲಾಕ್ ಅಂಡ್ ವೈಟ್ ಕಾಲವೇ ಚೆನ್ನಾಗಿತ್ತು ಬಿಡಿ ಅನ್ನಿಸಿತು. ಆಗ ಗೋಡೆಗೆ ಬಣ್ಣವೆಂದರೆ ಎಷ್ಟು ಕಪ್ಪು, ಎಷ್ಟು ಬಿಳುಪು ಅಷ್ಟೆ. ಒಂದೇ ಗಾಢತೆಯ ನೀಲಿ ಮತ್ತು ಕಾವಿ ಪಕ್ಕ ಪಕ್ಕ ಬಳಿದರೂ ಪರದೆ ಮೇಲೆ ಎರಡೂ ಒಂದೇ ಬೂದು ಬಣ್ಣ. ಅಮೆರಿಕದ ‘ಆ್ಯಡಮ್ಸ್ ಫ್ಯಾಮಿಲಿ’ ಟಿ.ವಿ. ಧಾರಾವಾಹಿ (1964-66) ಭೂತದ ಮನೆಯಂಥ ಮನೆಯ ಕಥೆ. ಅದರ ಹಜಾರದ ಗೋಡೆ ಸೆಟ್ಟಿನಲ್ಲಿ ಯಾವ ಬಣ್ಣವಿತ್ತು ಗೊತ್ತೇ? ಗುಲಾಬಿ! ಮದುವೆ ಛತ್ರದ ಗುಲಾಬಿ! ಪರದೆ ಮೇಲೆ ಮಾತ್ರ ಗಾಢ ಗಂಭೀರ ಬೂದು.

ಹಾಗಾದ್ರೆ ಕಪ್ಪು-ಬಿಳುಪು ಚಿತ್ರಕ್ಕೆ ಈಗ ಬಣ್ಣ ಹಾಕಿದರೆ ಗೋಡೆ ಬಣ್ಣ ಯಾರು ತೀರ್ಮಾನ ಮಾಡ್ತಾರೆ? 1965ರ ‘ಸತ್ಯಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಂತು, ಹೌಸ್‌ಫುಲ್ ಬೋರ್ಡು ಕಂಡಿತು. ಹಳೆಯ ನೆಗೆಟಿವ್‌ನಲ್ಲಿರೋದು ಬೆಳಕು-ನೆರಳು ಮಾತ್ರ. ಬಣ್ಣ ಅದರಲ್ಲಿಲ್ಲ. ಈ ಗೋಡೆ ನೀಲಿ, ಆ ಪರದೆ ಹಸಿರು ಅಂತ ಯಾರೋ ಕೂತು ಆರಿಸಲೇಬೇಕು. ‘ಕಸ್ತೂರಿ ನಿವಾಸ’ ಮೊದಲು ಬಂದಾಗ ನಮ್ಮಪ್ಪನಂಥವರು ಅದನ್ನ ನೋಡಿ ಮನಸ್ಸಿನಲ್ಲೇ ಬಣ್ಣ ತುಂಬಿಕೊಂಡಿದ್ದರು. 2014ರಲ್ಲಿ ನೋಡಿ ಬಂದವರೇ, “ಆ ಮನೆ ನಾನು ಅಂದ್ಕೊಂಡಿದ್ದ ಬಣ್ಣದಲ್ಲಿಲ್ಲ ಕಣೋ” ಅಂದಿದ್ದರು.

ಇಲ್ಲಿ ಬಂತು ಟರ್ನಿಂಗ್ ಪಾಯಿಂಟ್

ಪಟ್ಟೆ ಒಣಗಿದ ಮೂರನೇ ದಿನ. ಮಧ್ಯಾಹ್ನದ ಹೊತ್ತು. ಅಪ್ಪ ಕೆಲಸದಿಂದ ಬೇಗ ಬಂದಿದ್ದರು. ಗೋಡೆ ಮುಂದೆ ನಿಂತು ನೋಡಿದರು. ಮುಖ ಗಂಟಾಯಿತು.

“ಕಾವಿ ಸರಿಯಾಗಿದೆ. ಇದೇನೋ ಬೂದಿ ಬಳಿದಿದ್ದೀಯ? ನಾನು ಹೇಳಿದ್ದು ನೀಲಿ.”

“ಅಪ್ಪಾ, ಅದು ನೀಲೀನೇ. ನೀವು ಕಾರ್ಡಲ್ಲಿ ತೋರಿಸಿದ್ದೇ.”

“ನಲವತ್ತು ವರ್ಷ ಬಣ್ಣ ಕಲಸಿದೋನಿಗೆ ಹೇಳ್ಕೊಡ್ತೀಯಾ? ಅಂಗಡಿಯೋನು ಕಪ್ಪು ಸ್ಟೈನರ್ ಜಾಸ್ತಿ ಹಾಕಿದ್ದಾನೆ. ನೀಲಿ ಸ್ಟೈನರ್ ತಾ.”

ತಂದೆ. ಡಬ್ಬಕ್ಕೆ ಸುರಿದರು, ಕಲಸಿದರು, ಬಳಿದರು. ಇನ್ನೂ ಬೂದಿ ಅಂದರು. ಮತ್ತೆ ಸುರಿದರು. ನನ್ನ ಕಣ್ಣಿಗೆ ಅದು ಶಾಯಿ ಬಾಟಲಿ ಚೆಲ್ಲಿದ ಹಾಗಿತ್ತು.

ಆಗ ನನಗೆ ಹಿಂದಿನ ವರ್ಷದ್ದು ನೆನಪಾಯಿತು. ಒಬ್ಬ ಮನೆ ಮಾಲೀಕರು ತಿಳಿನೀಲಿ ಕೇಳಿದರೆ ಅಪ್ಪ ಕಡುನೀಲಿ ಬಳಿದಿದ್ದಾರೆ ಅಂತ ಜಗಳವಾಗಿ ಅರ್ಧ ಕೂಲಿ ಹಿಡಿದಿದ್ದರು. “ಕೊಡಬಾರದು ಅಂತ ನೆಪ” ಅಂದಿದ್ದರು ಅಪ್ಪ. ನಾವೂ ನಂಬಿದ್ದೆವು. ನಾನಂತೂ ಆ ಮಾಲೀಕರನ್ನ ಮನಸಾರೆ ಬೈದಿದ್ದೆ. ಆಮೇಲೆ ಒಂದೊಂದಾಗಿ ಕರೆಯೋರು ಕಮ್ಮಿಯಾಗಿದ್ದರು. ಅಪ್ಪ ಏಣಿಯ ಕೊನೆ ಮೆಟ್ಟಿಲನ್ನ ಕಾಲಿಂದ ತಡವಿ ಇಳಿಯೋದನ್ನ ಅಮ್ಮ ಎರಡು ಸಲ ಹೇಳಿದ್ದಳು. ನಾನು ಸಿನಿಮಾ ಬರೆಯೋದರಲ್ಲಿ ಬಿಸಿ.

ಇಲ್ಲೊಂದು ವಿಷಯ ಹೇಳಲೇಬೇಕು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 1964ರ ‘ಅಮರಶಿಲ್ಪಿ ಜಕಣಾಚಾರಿ’. ಅಲ್ಲಿಂದ ಮುಂದಿನ ಬಣ್ಣದ ಚಿತ್ರಗಳ ಹಳೆಯ ಪ್ರಿಂಟನ್ನ ಟೂರಿಂಗ್ ಟಾಕೀಸಿನಲ್ಲಿ ನೋಡಿದವರನ್ನ ಕೇಳಿ. ಆಕಾಶ, ಹೊಲ, ಹೀರೋಯಿನ್ ಸೀರೆ, ಎಲ್ಲ ಕೆಂಪು ಕೆಂಪು, ಗುಲಾಬಿ ಗುಲಾಬಿ! ಈಸ್ಟ್‌ಮನ್ ಕಲರ್ ಪ್ರಿಂಟಿನಲ್ಲಿ ಮೂರು ಪದರ ಬಣ್ಣವಿರುತ್ತೆ. ಅದರಲ್ಲಿ ಮೊದಲು ಸಾಯೋದು ನೀಲಿಹಸಿರು ಪದರ. ಅದು ಹೋದ ಮೇಲೆ ಉಳಿಯೋದು ಕೆಂಪೊಂದೇ. 1980ರ ದಶಕದ ಮೊದಲ ವರ್ಷಗಳಲ್ಲಿ ಬೇಗ ಮಾಸದ ಪ್ರಿಂಟ್ ಫಿಲಂ ಬರೋ ತನಕ ಇದೇ ಪಾಡು. ಚಿತ್ರ ಓಡ್ತಾನೇ ಇರುತ್ತೆ, ನೀಲಿ ಮಾತ್ರ ಸದ್ದಿಲ್ಲದೆ ಹೋಗಿರುತ್ತೆ.

ನಮ್ಮಪ್ಪನ ಕಣ್ಣಿನಲ್ಲಿ ಪ್ರಿಂಟು ಮಾಸಿತ್ತು.

ಧರ್ಮಾರ್ಥ ಕಣ್ಣಿನ ಆಸ್ಪತ್ರೆಯ ಡಾಕ್ಟರು ಐದು ನಿಮಿಷದಲ್ಲಿ ಹೇಳಿದರು: ಎರಡೂ ಕಣ್ಣಿಗೆ ಪೊರೆ. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. ಹಳದಿ ಗಾಜು ನೀಲಿ ಬೆಳಕನ್ನ ಒಳಗೆ ಬಿಡೋದಿಲ್ಲ. ಕಾವಿಯನ್ನ ಬಿಡುತ್ತೆ. ಅದಕ್ಕೇ ನನ್ನ ಪಟ್ಟೆ ಅವರಿಗೆ ಸರಿ, ಅವರ ಪಟ್ಟೆ ಅವರಿಗೇ ಬೂದಿ. ವರ್ಷಗಟ್ಟಲೆ ನಿಧಾನಕ್ಕೆ ಆಗೋದರಿಂದ ಕಣ್ಣುಳ್ಳವನಿಗೇ ಗೊತ್ತಾಗೋದಿಲ್ಲ. ಫ್ರಾನ್ಸಿನ ಮಹಾ ಚಿತ್ರಕಾರ ಮೋನೆಗೂ ಇದೇ ಆಗಿತ್ತು. ಪೊರೆ ಬೆಳೆದ ವರ್ಷಗಳಲ್ಲಿ ಆತ ಬರೆದ ಕೊಳ, ಸೇತುವೆಗಳೆಲ್ಲ ಕೆಂಪು ಕಂದು. 1923ರಲ್ಲಿ ಆಪರೇಷನ್ ಆಯಿತು.

ಅಪ್ಪ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

“ಹಾಗಾದ್ರೆ ಅವರು ಕೂಲಿ ಹಿಡಿದಿದ್ದು ಸರೀನಾ?”

ನಾನು ಏನು ಹೇಳಲಿ? “ಬನ್ನಿ ಅಪ್ಪ, ಬಸ್ಸು ಬಂತು” ಅಂದೆ.

ಅಪ್ಪ ಡೈರೆಕ್ಟರ್, ನಾನು ಲೈಟ್ ಬಾಯ್

ಮುಂದಿನ ವಾರ ಎಡಗಣ್ಣಿನ ಆಪರೇಷನ್. ಹಳೆಯ ಮಸೂರ ತೆಗೆದು ಕೃತಕ ಮಸೂರ ಕೂರಿಸಿದರು. ಚಾ ಕುಡಿದು ಬರೋವಷ್ಟರಲ್ಲಿ ಮುಗಿದಿತ್ತು. ಪಟ್ಟಿ ತೆಗೆದ ದಿನ ಮನೆಗೆ ಬಂದು ಅಪ್ಪ ಮಾಡಿದ ಮೊದಲ ಕೆಲಸ ಗೋಡೆ ಮುಂದೆ ನಿಂತಿದ್ದು. ಬಲಗಣ್ಣು ಮುಚ್ಚಿದರು. ಎಡಗಣ್ಣು ಮುಚ್ಚಿದರು. ಮತ್ತೆ ಬಲಗಣ್ಣು ಮುಚ್ಚಿದರು.

“ಲೋ... ಈ ಕಣ್ಣಲ್ಲಿ ನೀಲಿ. ಈ ಕಣ್ಣಲ್ಲಿ ಬೂದಿ. ಎರಡು ಥಿಯೇಟರಲ್ಲಿ ಒಂದೇ ಪಿಕ್ಚರ್!”

ಆಮೇಲೆ ತಾವೇ ಸ್ಟೈನರ್ ಸುರಿದು ಬಳಿದ ಜಾಗ ನೋಡಿದರು. “ಥೂ, ಇದನ್ಯಾರು ಬಳಿದೋರು? ಫ್ರಿಜ್ ಒಳಗೆ ಕೂತ ಹಾಗಿದೆ.” ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅಪ್ಪನೂ ನಕ್ಕರು. ನಾನು ಆ ವರ್ಷ ಅಪ್ಪ ನಕ್ಕಿದ್ದನ್ನ ನೋಡಿದ್ದು ಅದೇ ಮೊದಲು.

ಧೂಳು ಬೇಡ, ಏಣಿ ಬೇಡ, ಕಣ್ಣಿಗೆ ನೀರು ತಾಗಬಾರದು, ಡ್ರಾಪ್ಸ್ ತಪ್ಪಬಾರದು ಅಂತ ಡಾಕ್ಟರ ಆರ್ಡರ್. ಆದ್ದರಿಂದ ರೋಲರ್ ನನ್ನ ಕೈಗೆ ಬಂತು. ಅಪ್ಪ ಬಾಗಿಲಾಚೆ ಕುರ್ಚಿ ಹಾಕಿ, ಕಪ್ಪು ಕನ್ನಡಕ ಏರಿಸಿ ಕೂತರು. ಥೇಟ್ ಡೈರೆಕ್ಟರು! “ಮೇಲಿಂದ ಕೆಳಗೆ ಎಳಿ. ಅಲ್ಲಿ ತಡೆದಿದ್ದೀಯ. ಕಟ್ ಕಟ್, ಮತ್ತೆ ತಗೋ.” ರೀಟೇಕ್ ಮೇಲೆ ರೀಟೇಕ್. ನಾಲ್ಕು ಗೋಡೆ ಸೇರಿ ಬಾಗಿಲು ಕಿಟಕಿ ಕಳೆದರೆ ಮುನ್ನೂರೈವತ್ತು ಚದರಡಿ ಆಸುಪಾಸು. ಎರಡು ಕೋಟ್‌ಗೆ ನಾಲ್ಕು ಲೀಟರ್ ಹತ್ತಿರ ಬೇಕು. ನನ್ನ ಕೈಯಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯಿತು. ನೆಲದ ಮೇಲೆ ಬಿದ್ದಿದ್ದನ್ನೂ ಲೆಕ್ಕ ಹಿಡೀಬೇಕಲ್ಲ!

ಬಣ್ಣ ಯಾವುದು ಅಂತೀರಾ? ಅಲ್ಲಿ ಮೂರನೇ ವ್ಯಕ್ತಿ ಎಂಟ್ರಿ ಕೊಟ್ಟರು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಎರಡೂ ಪಟ್ಟೆ ನೋಡಿ, “ಮಗು ಮಲಗೋ ಕಡೆ ಎರಡೂ ಬೇಡ ಕಣಪ್ಪ. ಹುಟ್ಟಿದ ಮೊದಲ ವಾರ ಮಗುಗೆ ಕಾಮಾಲೆ ಬಂದಿದೆಯಾ ಅಂತ ಮೈಬಣ್ಣ ನೋಡೇ ಗುಮಾನಿ ಮಾಡೋದು. ಕಾವಿ ಗೋಡೆ ಪಕ್ಕ ಎಲ್ಲ ಮಗುನೂ ಹಳದಿ ಕಾಣುತ್ತೆ, ನೀಲಿ ಪಕ್ಕ ಹಳದಿ ಮಗುನೂ ಸರಿ ಕಾಣಬಹುದು” ಅಂದರು. ಶೂಟಿಂಗ್‌ನಲ್ಲಿ ಥರ್ಮೋಕೋಲ್ ಹಿಡಿದು ಮುಖಕ್ಕೆ ಬೆಳಕು ಬಡಿಸೋದನ್ನ ನೂರು ಸಲ ನೋಡಿದ್ದೇನೆ. ಥರ್ಮೋಕೋಲ್ ಯಾಕೆ ಬಿಳಿ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಬಣ್ಣದ ಗೋಡೆ ತನ್ನ ಬಣ್ಣವನ್ನೇ ಮುಖಕ್ಕೆ ಎರಚುತ್ತೆ!

ಅಪ್ಪ ತಕ್ಷಣ ಹಳೆಯ ವಿದ್ಯೆ ತೆಗೆದರು. ಹಳ್ಳಿಯಲ್ಲಿ ಹಬ್ಬಕ್ಕೆ ಸುಣ್ಣ ಬಳಿಯುವಾಗ ಒಂದು ಚಿಟಿಕೆ ಬಟ್ಟೆ ನೀಲಿ ಹಾಕ್ತಿದ್ದರಲ್ಲ, ಹಾಗೆ ಬಿಳಿ ಡಬ್ಬಕ್ಕೆ ಎರಡೇ ಹನಿ ನೀಲಿ. ಸುಣ್ಣದ ಹಳದಿ ಛಾಯೆಯನ್ನ ಅದು ಹೊಡೆದುಹಾಕಿ ಬಿಳುಪು ಇನ್ನೂ ಬಿಳುಪಾಗುತ್ತೆ. ಎಷ್ಟು ಹನಿ ಅಂತ ಎಡಗಣ್ಣಲ್ಲಿ ಅವರೇ ನೋಡಿ ಹೇಳಿದರು. “ಸಾಕು” ಅಂದಾಗ ನನ್ನ ಕಣ್ಣಿಗೂ ಅದು ಸರಿಯಾಗೇ ಇತ್ತು. ಕಿಟಕಿ ಗೋಡೆಗೂ ಮಂಚದ ಗೋಡೆಗೂ ಅದೇ ಬಿಳಿ. ಬಾಗಿಲ ಗೋಡೆಗೆ ಕಾರ್ಡಿನಲ್ಲಿದ್ದ ಅಸಲಿ ನೀಲಿ. ನೆಲದಿಂದ ಒಂದಡಿ ಎತ್ತರಕ್ಕೆ ಸುತ್ತ ಕಾವಿ ಪಟ್ಟಿ, ಹಳ್ಳಿ ಮನೆಗೆ ಕೆಮ್ಮಣ್ಣು ಸಾರಿಸಿದ ಹಾಗೆ. ಅದು ನನ್ನ ಪಾಲು.

ಕಿಟಕಿಯ ಎದುರು ಗೋಡೆ ಮಾತ್ರ ಹಾಗೇ ಇದೆ. ನೀಲಿ ಪಟ್ಟೆ, ಕಾವಿ ಪಟ್ಟೆ, ನಡುವೆ ಶಾಯಿ ಚೆಲ್ಲಿದ ಆ ಕಲೆ. ಮೊನ್ನೆ ಅದಕ್ಕೂ ಬಳಿದುಬಿಡೋಣ ಅಂತ ರೋಲರ್ ಎತ್ತಿದೆ. ಅಪ್ಪ ಕುರ್ಚಿಯಿಂದಲೇ ಕೈ ತೋರಿಸಿದರು.

“ಅದನ್ನ ಮುಟ್ಟಬೇಡ. ಬಲಗಣ್ಣಿಂದು ಮುಂದಿನ ತಿಂಗಳು ಇದೆ. ಎರಡೂ ಕಣ್ಣಲ್ಲಿ ನೋಡಿ ಆಮೇಲೆ ಹೇಳ್ತೀನಿ.”

ಅಕ್ಕ ಭಾನುವಾರ ಬರ್ತಾಳೆ. ಪೇಂಟಿನ ವಾಸನೆ ಇನ್ನೂ ಸ್ವಲ್ಪ ಇದೆ ಅಂತ ಅಮ್ಮ ಎರಡು ದಿನದಿಂದ ಕಿಟಕಿ ಮುಚ್ಚೋಕೆ ಬಿಡ್ತಿಲ್ಲ.